ನವಿಲು ಬರೆಸಿದ್ದು ಯಾರಿಗೆ?

ಕಳೆದ ಸಂಚಿಕೆಯಲ್ಲಿ ಆಸ್ಪತ್ರೆಗಳಲ್ಲಿ ಚಿತ್ರಕಲೆಯ ಬಗ್ಗೆ ಬಂದ ಲೇಖನ ಓದಿ ಮಲೆನಾಡಿನ ನಿವೃತ್ತ ನರ್ಸ್ ಒಬ್ಬರು ಬರೆದಿದ್ದಾರೆ: “ನಮ್ಮ ಆಸ್ಪತ್ರೆಯಲ್ಲಿ ಬಿಪಿ ಮಷೀನ್ ಕೆಟ್ಟು ತಿಂಗಳುಗಟ್ಟಲೆ ಮೂಲೆಯಲ್ಲಿತ್ತು. ಸಾಹೇಬರು ಬರ್ತಾರೆ ಅಂತ ಗೊತ್ತಾದ ಕೂಡಲೇ ಬಾಗಿಲ ಪಕ್ಕದ ಗೋಡೆಗೆ ನವಿಲು ಬರೆಸಿದರು. ಈಗ ಊರಿನ ಸಂಘದವರು ಹೆರಿಗೆ ವಾರ್ಡಿಗೆ ಚಿತ್ರ ಬರೆಸ್ತೀವಿ ಅಂತಿದ್ದಾರೆ. ಬೇಡ ಅಂದೆ. ನಾನಂದದ್ದು ತಪ್ಪಾ?”

ನಮಸ್ಕಾರ ಸಿಸ್ಟರ್. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮಷೀನ್ ಮೊದಲು, ನವಿಲು ಆಮೇಲೆ. ಅದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಆದರೆ ಹೆರಿಗೆ ವಾರ್ಡಿಗೆ ಚಿತ್ರ ಬೇಡ ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ನವಿಲಿಗೆ ಒಬ್ಬ ದೊಡ್ಡಣ್ಣ ಇದ್ದಾನೆ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಗೆ 1730ರ ದಶಕದಲ್ಲಿ ಚಿತ್ರ ಬರೆಸಬೇಕಾಗಿತ್ತು. ಕೆಲಸ ವೆನಿಸ್ಸಿನ ಕಲಾವಿದನಿಗೆ ಹೋಗುತ್ತದೆ ಅಂತ ಗೊತ್ತಾದದ್ದೇ ತಡ, ಲಂಡನ್ನಿನವನೇ ಆದ ಚಿತ್ರಕಾರ ವಿಲಿಯಂ ಹೊಗಾರ್ತ್ ‘ನಾನು ಪುಕ್ಕಟೆ ಬರೆದುಕೊಡ್ತೀನಿ’ ಅಂತ ಮುಂದೆ ಬಂದ. ಏಸು ರೋಗಿಗಳನ್ನು ಗುಣಪಡಿಸುವ ದೃಶ್ಯ. ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆ, ನೋಡಿದರೆ ಗುರುತು ಹಿಡಿಯುವಷ್ಟು ಸ್ಪಷ್ಟ. ಆದರೆ ಚಿತ್ರ ಇರುವುದು ಮೆಟ್ಟಿಲ ಗೋಡೆಯ ಮೇಲೆ. ಆ ಮೆಟ್ಟಿಲು ಹತ್ತಿದರೆ ಸಿಗುವುದು ಆಡಳಿತ ಮಂಡಳಿಯವರು ಸೇರುವ ದೊಡ್ಡ ಸಭಾಂಗಣ. ವಾರ್ಡು ಬೇರೆ ಕಡೆ! ರೋಗಿಗಳು ಚಿತ್ರದೊಳಗೆ ಸೇರಿದರು, ನೋಡುವ ಭಾಗ್ಯ ದೊಡ್ಡವರಿಗೆ ಹೋಯಿತು.

ಇದಕ್ಕಿಂತ ಇನ್ನೂರು ವರ್ಷ ಹಿಂದೆ, ಈಗಿನ ಫ್ರಾನ್ಸಿನ ಈಸೆನ್‌ಹೈಮ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಕೆಲಸ ಆಗಿತ್ತು. ಅಲ್ಲಿನ ಮಠದ ಸಾಧುಗಳು ಒಂದು ಭಯಂಕರ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದರು. ರೈ ಅನ್ನುವ ಧಾನ್ಯಕ್ಕೆ ಒಂದು ಬಗೆಯ ಬೂಷ್ಟು ಹಿಡಿಯುತ್ತದೆ. ಅದರ ರೊಟ್ಟಿ ತಿಂದವರಿಗೆ ಕೈಕಾಲು ಬೆಂಕಿ ಬಿದ್ದಂತೆ ಉರಿದು, ಕೊನೆಗೆ ಕೊಳೆಯುತ್ತಿದ್ದವು. ಇವರಿಗಾಗಿ ಗ್ರೂನೆವಾಲ್ಡ್ ಎಂಬ ಕಲಾವಿದ 1512ರಿಂದ 1516ರ ನಡುವೆ ಬರೆದ ಶಿಲುಬೆಯ ಏಸುವಿನ ಮೈತುಂಬ ಗಾಯ, ಚರ್ಮ ಹಸಿರುಗಟ್ಟಿದೆ, ಬೆರಳು ಸೆಟೆದಿವೆ. ಇಂಥದ್ದನ್ನು ರೋಗಿಗಳ ಮುಂದೆ ಇಡ್ತಾರಾ ಅಂತ ನಮಗನ್ನಿಸಬಹುದು. ಆದರೆ ಅವರಿಗೆ ದೇವರೂ ತಮ್ಮ ಹಾಗೇ ನರಳಿದ್ದಾನೆ ಅನ್ನಿಸಿರಬೇಕು. ಚಂದ ಇದೆಯೋ ಇಲ್ಲವೋ, ಅದು ಅವರಿಗಾಗಿ ಬರೆದದ್ದು. ಆಸ್ಪತ್ರೆಯ ಚಿತ್ರವನ್ನು ನಾನು ಅಳೆಯುವುದು ಇದೊಂದರಿಂದಲೇ.

ಇನ್ನು ‘ಚಿತ್ರ ನೋಡಿದರೆ ನೋವು ಕಡಿಮೆ ಆಗುತ್ತಾ’ ಅಂತ ನೀವು ಕೇಳಬಹುದು. ನಿಮಗೆ ಇಷ್ಟವಾಗುವ ಒಂದು ಅಧ್ಯಯನ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ಹಳೇ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ಸಂಶೋಧಕರು ತಿರುವಿಹಾಕಿದರು. ಕೆಲವರ ಕಿಟಕಿಯಾಚೆ ಮರಗಳಿದ್ದವು, ಕೆಲವರಿಗೆ ಬರೀ ಇಟ್ಟಿಗೆ ಗೋಡೆ. 1984ರಲ್ಲಿ ಫಲಿತಾಂಶ ಪ್ರಕಟವಾಯಿತು. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋಗಿದ್ದರು, ಗೋಡೆ ಕಂಡವರು 8.70 ದಿನಕ್ಕೆ. ಜೋರು ನೋವಿನ ಮದ್ದು ಕೂಡ ಮರದ ಕಡೆಯವರಿಗೆ ಕಡಿಮೆ ಬೇಕಾಗಿತ್ತು. ಉಲ್ರಿಚ್ ನೋಡಿದ್ದರಲ್ಲಿ ಇನ್ನೊಂದು ಯಾವುದು ಗೊತ್ತಾ? ನರ್ಸ್‌ಗಳು ಬರೆದಿಟ್ಟ ಷರಾ. ‘ತುಂಬಾ ಅಳುತ್ತಾರೆ’, ‘ಧೈರ್ಯ ಹೇಳಬೇಕು’ ಅನ್ನುವಂಥವು. ಗೋಡೆ ಕಂಡವರ ಬಗ್ಗೆ ಇಂಥ ಷರಾ ತಲಾ ಸುಮಾರು 4, ಮರ ಕಂಡವರ ಬಗ್ಗೆ 1ರ ಆಸುಪಾಸು. ನೈಟ್ ಡ್ಯೂಟಿಯಲ್ಲಿ ನಿಮ್ಮಂಥವರು ನಿದ್ದೆಗಣ್ಣಲ್ಲಿ ಬರೆದದ್ದೇ ಸಾಕ್ಷಿಯಾಯಿತು ನೋಡಿ. ಒಪ್ಪಿಕೊಳ್ಳುತ್ತೇನೆ, ಲೆಕ್ಕಕ್ಕೆ ಸಿಕ್ಕಿದ್ದು 46 ಜನ ಮಾತ್ರ. ಅದೂ ಕಿಟಕಿಯ ಕಥೆ, ಚಿತ್ರದ್ದಲ್ಲ. ಚಿತ್ರ ಹಾಕಿದರೆ ಕಾಯಿಲೆ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಯಾವ ಚಿತ್ರ ಅನ್ನುವುದೂ ಮುಖ್ಯ. ಸ್ವೀಡನ್ನಿನ ಉಪ್ಸಾಲದಲ್ಲಿ ಹೃದಯದ ಆಪರೇಷನ್ ಆದವರ ಎದುರು ಬೇರೆ ಬೇರೆ ಚಿತ್ರ ಇಟ್ಟು ಇದೇ ಉಲ್ರಿಚ್ ಮತ್ತು ಜೊತೆಗಾರರು ಪರೀಕ್ಷೆ ಮಾಡಿದರು. ನೀರು, ಮರ ಕಂಡವರಿಗೆ ಆತಂಕ ಕಡಿಮೆ ಇತ್ತು. ನೇರ ಗೆರೆಗಳ ನವ್ಯ ಚಿತ್ರ ಕಂಡವರ ಆತಂಕ, ಯಾವ ಚಿತ್ರವೂ ಇಲ್ಲದವರಿಗಿಂತ ಜಾಸ್ತಿ! ನನಗೆ ನವ್ಯ ಚಿತ್ರಗಳೆಂದರೆ ಇಷ್ಟ, ಗ್ಯಾಲರಿಯಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತೇನೆ. ಹೊಲಿಗೆ ಹಾಕಿಸಿಕೊಂಡು ಮಲಗಿದಾಗ ಬೇಡ.

ಮಲಗಿದಾಗ ಅಂದೆ ನೋಡಿ, ಅಲ್ಲೇ ನಾವು ಎಡವುವುದು. ಚಿತ್ರ ಎಲ್ಲಿರಬೇಕು ಅಂತ ತೀರ್ಮಾನಿಸುವವರು ನಿಂತಿರುತ್ತಾರೆ, ನೋಡಬೇಕಾದವರು ಮಲಗಿರುತ್ತಾರೆ. ಫಿನ್ಲೆಂಡಿನ ಪೈಮಿಯೊದಲ್ಲಿ 1933ರಲ್ಲಿ ಕಟ್ಟಿ ಮುಗಿಸಿದ ಟಿಬಿ ಆಸ್ಪತ್ರೆಯಲ್ಲಿ ಅದರ ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ ಇದನ್ನು ಚೆನ್ನಾಗಿ ಯೋಚಿಸಿದ್ದರು. ಛಾವಣಿಗೆ ತಂಪಾದ ಹಸಿರು ಬಣ್ಣ. ದೀಪ ಕಣ್ಣಿಗೆ ಹೊಡೆಯದ ಜಾಗದಲ್ಲಿ. ಪಕ್ಕದ ಹಾಸಿಗೆಯವರ ನಿದ್ದೆ ಕೆಡಬಾರದು ಅಂತ ಕೈತೊಳೆಯುವ ಬೇಸಿನ್‌ನಲ್ಲಿ ನೀರು ಸದ್ದಿಲ್ಲದೆ ಜಾರುವ ಹಾಗೆ ಮಾಡಿದ್ದರು. ಚಿತ್ರವೇ ಇಲ್ಲದ ಕಲೆ ಇದು.

ನಮ್ಮ ಆಸ್ಪತ್ರೆ ಗೋಡೆಗಳೇನು ಖಾಲಿ ಇವೆಯಾ? ಗುಟ್ಕಾ ತಿಂದು ಕೊಳೆತ ಬಾಯಿಯ ಪೋಸ್ಟರ್, ‘ಉಗುಳಬೇಡಿ’, ಔಷಧ ಕಂಪನಿಯ ಕ್ಯಾಲೆಂಡರ್, ಫ್ಯಾನ್ ದಾನ ಕೊಟ್ಟವರ ಹೆಸರು. ಹೆರಿಗೆ ವಾರ್ಡಿನಲ್ಲಿ ಮಾತ್ರ ನೀಲಿ ಕಣ್ಣಿನ ಫಾರಿನ್ ಮಗು. ನೋವು ತಿನ್ನುತ್ತಿರುವ ನಮ್ಮ ಹೆಣ್ಣುಮಕ್ಕಳು ಅದನ್ನೇ ನೋಡಬೇಕು.

ಹಾಗಾಗಿ ಸಂಘದವರಿಗೆ ಹೂಂ ಅನ್ನಿ, ಆದರೆ ನಿಮ್ಮ ಷರತ್ತಿನ ಮೇಲೆ. ಮೊದಲು ಗೋಡೆಯ ತೇವ ಸರಿಮಾಡಿಸಲಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಬಣ್ಣ ಎದ್ದು ಬರುತ್ತದೆ. ನಿಮ್ಮ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ಇದೆಯಲ್ಲ, ಅದಕ್ಕಿಂತ ಒಳ್ಳೆಯದು ಎಲ್ಲಿ ಸಿಗುತ್ತೆ? ಮದುವೆ ಮನೆಯ ಚಿತ್ತಾರ, ಬಾಣಂತಿಯರಿಗೆ ಪರಿಚಯದ್ದು. ಆದರೆ ಅದರ ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ ಬಣ್ಣ ಫಿನಾಯಿಲ್ ಬಟ್ಟೆಗೆ ತಡೆಯುವುದಿಲ್ಲ. ಹಲಗೆ ಮೇಲೆ ಬರೆಸಿ, ಒರೆಸಲು ಬರುವ ಹಾಗೆ ಮೇಲೆ ಗಾಜೋ ಅಕ್ರಿಲಿಕ್ಕೋ ಹಾಕಿಸಿ. ಬರೆದವರಿಗೆ ಕೂಲಿ ಕೊಡಿಸಿ, ಶಾಲು ಹೊದಿಸಿ ಕಳಿಸುವುದು ಬೇಡ.

ಮೊಳೆ ಹೊಡೆಯುವ ಮುಂಚೆ ಸಂಘದ ಅಧ್ಯಕ್ಷರನ್ನು ಒಂದು ಹತ್ತು ನಿಮಿಷ ಆ ಮಂಚದ ಮೇಲೆ ಮಲಗಿಸಿ. ಎಲ್ಲಿಗೆ ಕಣ್ಣು ಹೋಗುತ್ತದೋ ಅಲ್ಲೇ ಹೊಡೆಯಲಿ. ಅವರ ಹೆಸರಿನ ಫಲಕ ಬೇಕೇ ಬೇಕು ಅಂದರೆ ಹೊರಗಡೆ ನವಿಲಿನ ಪಕ್ಕ ಜಾಗ ಇದೆಯಲ್ಲ.

– ಸಂ.