ಪಾಳುಗೋಡೆಗೆ ಹೊಸ ಇಟ್ಟಿಗೆಯ ಆಸರೆ

ಪ್ರಶ್ನೆ: ಇಂಗ್ಲೆಂಡಿನ ಆಸ್ಟ್ಲಿ ಕ್ಯಾಸಲ್ ಬೆಂಕಿಗೆ ಸಿಕ್ಕಿ ಪಾಳುಬಿದ್ದಿತ್ತು. ಅದನ್ನು ಮೊದಲಿದ್ದಂತೆ ಕಟ್ಟದೆ, ಮುರಿದ ಗೋಡೆಗಳ ನಡುವೆಯೇ ಹೊಸ ಮನೆ ಎಬ್ಬಿಸಿದ್ದಾರಂತೆ. ಹಳೇ ಗೋಡೆ ಅಷ್ಟು ಭಾರ ತಡೆದೀತೇ?
– ಓದುಗರು, ಧಾರವಾಡ

ಉತ್ತರ: ಅಲ್ಲಿ ಲೆಕ್ಕ ತಿರುವುಮುರುವು. ಹೊಸ ಗೋಡೆಯೇ ಹಳೆಯದಕ್ಕೆ ಆಸರೆ. ವಾರಿಕ್‌ಶೈರ್‌ನ ಈ ಮನೆಗೆ ಹೆಸರು ಕ್ಯಾಸಲ್ ಎಂದಿದ್ದರೂ ಅದು ಕಂದಕ ತೋಡಿಸಿಕೊಂಡ ಜಮೀನ್ದಾರಿ ಮನೆ. ಕೊನೆಗೆ ಹೋಟೆಲ್ ಆಗಿದ್ದಾಗ, 1978ರಲ್ಲಿ ಸುಟ್ಟಿತು. ಸೂರು, ತೊಲೆ ಹೋದರೆ ಗೋಡೆಗಳನ್ನು ಒಂದಕ್ಕೊಂದು ಹಿಡಿದಿಡುವವರೇ ಇರುವುದಿಲ್ಲ. ಮೇಲಿಂದ ನೀರಿಳಿದು ಒಳಗಿನ ಗಾರೆ ತೊಳೆದುಹೋಗುತ್ತದೆ.

ಹಳೇ ಕಟ್ಟಡಗಳನ್ನು ಉಳಿಸಿ ರಜೆಯ ವಾಸಕ್ಕೆ ಬಾಡಿಗೆ ಕೊಡುವ ಲ್ಯಾಂಡ್‌ಮಾರ್ಕ್ ಟ್ರಸ್ಟ್‌ಗಾಗಿ ವಿದರ್‌ಫೋರ್ಡ್ ವಾಟ್ಸನ್ ಮ್ಯಾನ್ ಎಂಬ ವಾಸ್ತುಶಿಲ್ಪಿಗಳ ಸಂಸ್ಥೆ ಇದನ್ನು ವಿನ್ಯಾಸ ಮಾಡಿತು. ಕಲ್ಲು ಕಳಚಿದ ಅಂಚಿಗೆ ಒತ್ತಿ ಹೊಸ ಇಟ್ಟಿಗೆ ಕಟ್ಟಿದ್ದಾರೆ. ಬಳಸಿದ್ದು ತೆಳು ಇಟ್ಟಿಗೆ. ಮುರುಕು ಅಂಚು ಎಂದೂ ನೇರ ಇರುವುದಿಲ್ಲ. ಇಟ್ಟಿಗೆ ದಪ್ಪಗಿದ್ದಷ್ಟೂ ಒಡೆದು ಕೂರಿಸುವ ಕೆಲಸ ಜಾಸ್ತಿ, ಸಂದಿನಲ್ಲಿ ಗಾರೆಯ ಗುಡ್ಡೆ. ಎರಡೂ ಕಟ್ಟಡ ಒಂದರ ಪಕ್ಕ ಒಂದು ಸ್ಪಷ್ಟವಾಗಿ ಕಾಣುತ್ತವೆ, ಹಳೆಯದರ ವೇಷ ಯಾವುದಕ್ಕೂ ಇಲ್ಲ. ಮಲಗುವ ಕೋಣೆಗಳು ಕೆಳಗೆ, ಊಟ–ಬೈಠಕ್ ಮಹಡಿಯಲ್ಲಿ: ಮೇಲಿನ ದೊಡ್ಡ ಕಿಟಕಿಗಳ ಬೆಳಕನ್ನು ನಿದ್ದೆಗೆ ವ್ಯರ್ಥ ಮಾಡಲಿಲ್ಲ. ಒಂದಿಷ್ಟು ಭಾಗಕ್ಕೆ ಸೂರೇ ಹಾಕಿಲ್ಲ, ಅಲ್ಲಿ ಮಳೆ ನೇರ ಬೀಳುತ್ತದೆ. ನಮ್ಮ ಮಟ್ಟಿಗೆ ಇದೇ ಅತಿ ಜಾಣ ನಿರ್ಧಾರ. 2013ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪದ ದೊಡ್ಡ ಗೌರವವಾದ ಸ್ಟರ್ಲಿಂಗ್ ಪ್ರಶಸ್ತಿ ಬಂತು.

ಪ್ರಶ್ನೆ: ಇಂಥ ಗೋಡೆಯ ಸಂದಿಗೆ ಸಿಮೆಂಟ್ ತುಂಬಿದರೆ ಗಟ್ಟಿಯಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಗಟ್ಟಿಯಾಗಿರುವುದೇ ತೊಂದರೆ. ಗೋಡೆಯೊಳಗಿನ ತೇವ ಸಿಮೆಂಟಿನ ಮೂಲಕ ಸುಲಭವಾಗಿ ಹೊರಬರದು. ಮೆತ್ತಗಿನ ಮರಳುಗಲ್ಲಿನ ಮುಖದಿಂದ ಬರುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕಲ್ಲು ಪದರ ಪದರ ಎದ್ದು ಬೀಳುತ್ತದೆ, ಸಂದು ಮಾತ್ರ ಎದ್ದು ನಿಂತಿರುತ್ತದೆ. ಸವೆಯುವುದಾದರೆ ಗಾರೆ ಸವೆಯಲಿ, ಅದನ್ನು ಮತ್ತೆ ತುಂಬಬಹುದು.

ಹಾಗಾಗಿ ಸಿಮೆಂಟ್ ಬದಲು ಸುಣ್ಣದ ಗಾರೆ ಬಳಸಿ. ಸಾಧಾರಣ ಕಲ್ಲಿಗೆ ಎನ್‌ಎಚ್‌ಎಲ್ (ನೀರು ಸೇರಿದಾಗ ಗಟ್ಟಿಯಾಗುವ ನೈಸರ್ಗಿಕ ಸುಣ್ಣ) 3.5 ದರ್ಜೆಯದು ಒಂದು ಪಾಲು, ಒರಟು ಮರಳು ಎರಡೂವರೆಯಿಂದ ಮೂರು ಪಾಲು. ಸಂದನ್ನು ಅದರ ಅಗಲದ ಎರಡರಷ್ಟು ಆಳಕ್ಕೆ ಕೆರೆದು, ದೂಳು ತೊಳೆದು, ಕಲ್ಲು ತೇವವಾಗಿರುವಾಗಲೇ ಗಾರೆಯನ್ನು ಒತ್ತಿ ತುಂಬಬೇಕು. ನೀರು ನಿಂತಿರಬಾರದು. ಹೆಬ್ಬೆರಳು ಒತ್ತಿದರೆ ಗುರುತು ಮೂಡದಷ್ಟು ಬಿಗಿದ ಮೇಲೆ ಗಡುಸು ಬ್ರಷ್‌ನಿಂದ ಕುಟ್ಟಿ. ಬೇಗ ಕುಟ್ಟಿದರೆ ಸುಣ್ಣ ಮೇಲೆ ಬಂದು ಬಿಳಿ ಕೆನೆ ಕಟ್ಟುತ್ತದೆ. ಆಮೇಲೆ ಒದ್ದೆ ಗೋಣಿತಾಟು ಇಳಿಬಿಡಿ. ಬಿಸಿಲು–ಗಾಳಿಗೆ ಬೇಗ ಒಣಗಿದ ಗಾರೆ ಉಗುರಿಗೆ ಪುಡಿಯಾಗಿ ಬರುತ್ತದೆ. 5 ಡಿಗ್ರಿಗಿಂತ ಕೆಳಗಂತೂ ಕೆಲಸ ಬೇಡವೇ ಬೇಡ, ಅದಕ್ಕೇ ಇಂಗ್ಲೆಂಡಿನಲ್ಲಿ ಈ ಕೆಲಸ ಹೆಚ್ಚಾಗಿ ಬೇಸಗೆಯಲ್ಲಿ ನಡೆಯುತ್ತದೆ.