ಪಾರಿವಾಳ ಸುತ್ತುತ್ತವೆ, ಇಳಿಯುವುದಿಲ್ಲ
ಇಂಗ್ಲೆಂಡಿನ ಲಿಂಕನ್‌ಶೈರ್‌ನ ರೇಪ್ (ಸಾಸಿವೆ ಜಾತಿಯ ಎಣ್ಣೆಬೀಜ) ಹೊಲದಲ್ಲಿ ಬೆಳೆ ತಿನ್ನುವ ಕಾಡುಪಾರಿವಾಳ ಹೊಡೆಯಲು ನಕಲಿ ಹಕ್ಕಿ ಇಟ್ಟರೂ ಅವು ಇಳಿಯದಿರುವುದಕ್ಕೆ ಬಹುಶಃ ನಿಮ್ಮ ಮರೆಯ (ಅಡಗಿ ಕೂರುವ ಜಾಗದ) ದಿಕ್ಕೇ ಕಾರಣ. ಅವು ಗಾಳಿಗೆ ಎದುರಾಗಿಯೇ ಇಳಿಯೋದು. ಮೊದಲು ಒಂದು ದಿನ ಕೋವಿ ಮನೆಯಲ್ಲೇ ಬಿಟ್ಟು ಹೋಗಿ, ಯಾವ ಮರಸಾಲಿನ ಮೇಲಿಂದ ಬರುತ್ತವೆ ನೋಡಿ. (ಇದನ್ನು ಯಾರೂ ಮಾಡಲ್ಲ!) ಆ ದಾರಿಯಲ್ಲಿ, ಗಾಳಿ ಬೆನ್ನಿಗೆ ಬೀಸುವಂತೆ ಮರೆ ಕಟ್ಟಿ. ನಕಲಿಗಳನ್ನು 25 ಗಜ ಮುಂದೆ ಲಾಳದಾಕಾರದಲ್ಲಿಡಿ. ಕೊಕ್ಕು ಗಾಳಿಯತ್ತ, ಲಾಳದ ಬಾಯಿ ನಿಮ್ಮಿಂದ ಆಚೆಗೆ, ನಡುವೆ ಇಳಿಯಲು ಜಾಗ.

ದೊಡ್ಡ ಹಿಂಡು ಪಕ್ಕದ ಹೊಲದಲ್ಲಿ ಕೂತಿದ್ದರೆ ಇದೂ ಫಲಿಸದಿರಬಹುದು. ಅಲ್ಲಿಂದ ಎಬ್ಬಿಸಲು ಇನ್ನೊಬ್ಬರು ಬೇಕು. ರೆಕ್ಕೆಯಲ್ಲಿ ಬಿಳಿ ಪಟ್ಟೆ ಕಾಣದಿದ್ದರೆ ಹೊಡೆಯಬೇಡಿ, ಅದು ಸ್ಟಾಕ್ ಡವ್ (ನೋಡಲು ಹಾಗೇ ಇರುವ ಇನ್ನೊಂದು ಜಾತಿಯ ಪಾರಿವಾಳ) ಇರಬಹುದು. ಬೆಳೆ ರಕ್ಷಣೆಗೆ ಹಕ್ಕಿ ಹೊಡೆಯಲು ಪ್ರತ್ಯೇಕ ಅರ್ಜಿ ಇಲ್ಲದೆ ಬಳಸಬಹುದಾದ ಸಾಮಾನ್ಯ ಪರವಾನಗಿ ಅದಕ್ಕೆ ಅನ್ವಯಿಸುವುದಿಲ್ಲ.