ಬಸ್ಸು–ಲಾರಿ ಡಿಕ್ಕಿಯಲ್ಲಿ ಇಬ್ಬರು ಚಾಲಕರದೂ ತಪ್ಪಿದ್ದರೆ, ಗಾಯಗೊಂಡ ಪ್ರಯಾಣಿಕರು ಯಾರಿಂದ ಪರಿಹಾರ ಕೇಳಬೇಕು?

ಇಬ್ಬರಿಂದಲೂ ಕೇಳಬಹುದು, ಒಬ್ಬರಿಂದಲೇ ಪೂರ್ಣ ಮೊತ್ತವನ್ನೂ ಪಡೆಯಬಹುದು. ಸೀಟಿನಲ್ಲಿ ಕುಳಿತಿದ್ದ ಪ್ರಯಾಣಿಕರ ನಿರ್ಲಕ್ಷ್ಯ ಇದರಲ್ಲಿ ಏನೂ ಇಲ್ಲದಿರುವುದರಿಂದ, ಇಬ್ಬರು ಚಾಲಕರೂ, ಕೆಲಸದ ವೇಳೆ ಅವರು ಮಾಡಿದ ತಪ್ಪಿಗೆ ಹೊಣೆಗಾರರಾದ ವಾಹನ ಮಾಲೀಕರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಬಾಧ್ಯರಾಗುತ್ತಾರೆ. ತಪ್ಪು ಯಾರದೆಷ್ಟು ಎಂಬ ಲೆಕ್ಕ ಅವರವರ ನಡುವಿನದು ಎಂಬುದನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟಪಡಿಸಿದೆ. ಬಸ್ಸು ಸರ್ಕಾರಿ ಸಾರಿಗೆ ನಿಗಮದ್ದಾದರೂ ಇದೇ ನಿಯಮ.

1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ, ಅಪಘಾತವಾದ ದೂರದ ಊರಿಗೆ ಅಲೆಯದೆ, ನೀವು ವಾಸಿಸುವ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಅರ್ಜಿ ಸಲ್ಲಿಸಬಹುದು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ತಿದ್ದುಪಡಿ ಇದಕ್ಕೆ ಅಪಘಾತದ ದಿನದಿಂದ ಆರು ತಿಂಗಳ ಅವಧಿಯನ್ನಷ್ಟೇ ಕೊಡುತ್ತದೆ. ಆದ್ದರಿಂದ, ಚಾಲಕರ ಮೇಲಿನ ಕ್ರಿಮಿನಲ್ ಪ್ರಕರಣ ಮುಗಿಯಲೆಂದು ದಯವಿಟ್ಟು ಕಾಯಬೇಡಿ. ಅದು ಬೇರೆಯೇ ಪ್ರಕರಣ.